ಮಡಚದ ಕಿರುಬೆರಳು

ಮಾಸ್ತರರ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಪೂಜೆಗೆ ಕೂತಾಗ ಅಂಗೈಯಲ್ಲಿ ಇಷ್ಟಲಿಂಗ. ಉಳಿದ ಬೆರಳು ಬಾಗಿ ಅದನ್ನು ಕಾಯುತ್ತಿದ್ದವು, ಇದೊಂದು ಮಾತ್ರ ಒಣ ತೊಗರಿಕಡ್ಡಿಯ ಹಾಗೆ ಸೆಟೆದು ಹೊರಗೆ ನಿಂತಿರುತ್ತಿತ್ತು. ಅವರು ಹುಡುಗರಿದ್ದಾಗ ಉರ್ದು ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ಬಿದ್ದ ಬೆತ್ತದ ಗುರುತು ಅದು.

"ನೋಡ್ರೆವ್ವಾ, ಮನಸ್ಸು ಮರೀತದ. ಮೈ ಮರಿಯಂಗಿಲ್ಲ" ಎಂದು ನಮಗೆ ತೋರಿಸುತ್ತಿದ್ದರು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮೇಲೆ ಮರಾಠಿ ಗಡಿಗೆ ಹತ್ತಿದ ನಮ್ಮೂರು ಕಾಸಾರಶಿರಸಿಯ ಮಠದ ಪಡಸಾಲೆಯಲ್ಲಿ ಅವರು ಕನ್ನಡ ಶಾಲೆ ಹಾಕಿದರು. ಹುಡುಗಿಯರನ್ನೂ ಕರೆದರು. ನಮ್ಮಪ್ಪ ಹೊಲ ಬಿಟ್ಟು ಬೇರೆ ತಿಳಿಯದವನು, ಆದರೂ ಮಾಸ್ತರರ ಮಾತಿಗೆ ನನ್ನನ್ನು ಕಳಿಸಿದ.

ಪಾಠಕ್ಕಿಂತ ಅವರ ವಿಚಾರವೇ ಹೆಚ್ಚು. ಒಂದು ದಿನ ಗಂಟಲ ಮೇಲೆ ಕೈ ಇಡಿಸಿ "ಅವ್ವ" ಅನ್ನಿಸಿದರು. ಆಮೇಲೆ ಮರಾಠಿಯಲ್ಲಿ "ಆಯಿ" ಅನ್ನಿಸಿದರು.

"ಯಾವುದಕ್ಕ ನಡುಗ್ತು?"

"ಎರಡಕ್ಕೂ ನಡುಗ್ತದ್ರೀ ಮಾಸ್ತರ್" ಎಂದೆ ನಾನು. ಹುಡುಗಿಯರೆಲ್ಲ ನಕ್ಕರು.

"ನಿಂದು ಎಮ್ಮಿ ಗಂಟಲದ, ಕೂಡು" ಎಂದು ಅವರೂ ನಕ್ಕರು. ಆಮೇಲೆ ಹೇಳಿದರು: "ಭಾಷಾ ಅಂದ್ರ ಅಂಗಿ ಅಲ್ಲವ್ವಾ, ಕಳಚಿ ಗೂಟಕ್ಕ ಹಾಕ್ಲಿಕ್ಕಿ. ಸರ್ಕಾರಕ್ಕ ಮೈಯಿಲ್ಲ, ಅದಕ್ಕ ಇದು ತಿಳಿಯಂಗಿಲ್ಲ. ನಾವೇ ಬಾಯಿ ಬಿಟ್ಟು ಹೇಳಬೇಕು."

ಅವರ ಹೆಂಡತಿ ಲಾತೂರ ಕಡೆಯವರು, ಮರಾಠಿ ಮಾತ್ರ ಬರುತ್ತಿತ್ತು. ಊರ ಹುಡುಗಿಯರಿಗೆಲ್ಲ ಕನ್ನಡ ಕಲಿಸಿದ ಮನುಷ್ಯ ಮನೆಯಾಕೆಗೆ ಒಂದಕ್ಷರ ಕಲಿಸಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಊರಲ್ಲಿ ಸರ್ಕಾರಿ ಶಾಲೆ ಯಾವ ಭಾಷೆಯಲ್ಲಿ ಆಗಬೇಕು ಎಂದು ಕೇಳಲು ಒಬ್ಬ ಸಾಹೇಬರು ಬರುವವರಿದ್ದರು. ಮಾಸ್ತರರು ವಾರಗಟ್ಟಲೆ ಮನೆ ಮನೆ ತಿರುಗಿ ಎಲ್ಲರಿಗೂ ಹೇಳಿಕೊಟ್ಟರು: ಕೇಳಿದರೆ ಕನ್ನಡ ಅನ್ನಿ. ಸಾಹೇಬರ ಮುಂದೆ ಓದಿ ತೋರಿಸಲು ನನ್ನನ್ನು ಆರಿಸಿದ್ದರು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಲಂಗ ಉಟ್ಟು, ಪುಸ್ತಕ ಹಿಡಿದು ಮಠದ ಅಂಗಳದಲ್ಲಿ ನಿಂತಿದ್ದೆ.

ಸಾಹೇಬರು ಊರವರನ್ನು ಕೇಳಿದರು. ಊರವರು ಮಾಸ್ತರರ ಮುಖ ನೋಡಿದರು.

ಮಾಸ್ತರರು ಕೈ ಮುಗಿದು ಮರಾಠಿಯಲ್ಲಿ ಹೇಳಿದರು, "ಮರಾಠೀಚ್ ಬರೀ, ಸಾಹೇಬ. ಘರಚೀ ಬೋಲೀ ಘರೀ." ಮರಾಠಿಯೇ ಒಳ್ಳೆಯದು, ಮನೆಯ ಮಾತು ಮನೆಯಲ್ಲಿರಲಿ ಎಂದು. ಮುಗಿದ ಕೈಯಿಂದ ಆ ಬೆರಳು ಸಾಹೇಬರ ಕಡೆಗೇ ಚಾಚಿತ್ತು.

ಯಾರೂ ಎದುರಾಡಲಿಲ್ಲ. ನನಗೆ ಓದು ಎಂದು ಯಾರೂ ಹೇಳಲಿಲ್ಲ.

"ಮಾಸ್ತರ್‌ಗೇ ಬ್ಯಾಡಾಗ್ಯಾದ, ನಿನಗ್ಯಾಕ? ದನ ಹೊಡ್ಕೊಂಡು ಹೋಗು" ಎಂದ ಅಪ್ಪ. ನನ್ನ ಓದು ಅಲ್ಲಿಗೆ ಮುಗಿಯಿತು. ಆ ಸುಗ್ಗಿಯೊಳಗೆ ಮಾಸ್ತರರು ನಿಲಂಗಾದ ಮರಾಠಿ ಶಾಲೆಗೆ ಹೆಡ್‌ಮಾಸ್ತರರಾದರು. ಸಾಮಾನು ಹೇರಿದ ಬಂಡಿಯ ಹತ್ತಿರ ಹೋಗಿ ಕೇಳಿದೆ, "ಬೆರಳು ತೋರಿಸ್ತಿದ್ರಲ್ರೀ?"

"ರಾಜ್ಯ ಬದಲಾದಂಗ ಮನಸ್ಸೂ ಬದಲಾಗಬೇಕವ್ವಾ" ಎಂದು ಬಂಡಿ ಹತ್ತಿದರು.

ನನ್ನನ್ನು ಕೊಟ್ಟದ್ದೂ ನಿಲಂಗಾಕ್ಕೇ, ಕಾಳಿನ ಅಂಗಡಿಯವರ ಮನೆಗೆ. ಓಣಿಯಲ್ಲಿ ಎದುರಾದರೆ ಮಾಸ್ತರರು ಮರಾಠಿಯಲ್ಲಿ "ಕಶೀ ಆಹೇಸ್?" ಎನ್ನುತ್ತಿದ್ದರು. "ಆರಾಮ ಇದ್ದೀನ್ರಿ" ಎಂದು ನಾನು ಬೇಕೆಂದೇ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕೇಳಿಸದವರ ಹಾಗೆ ಹೋಗಿಬಿಡುತ್ತಿದ್ದರು.

ಮಹಾರಾಷ್ಟ್ರ ಆದ ವರ್ಷದ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಒಂದು ಮಧ್ಯಾಹ್ನ ಅವರ ಹೆಂಡತಿ ಅಳುತ್ತ ನಮ್ಮ ಬಾಗಿಲಿಗೆ ಬಂದರು. "ಹೇ ಕಾಯ್ ಮ್ಹಣತಾತ್, ಬಾಯೀ? ಮಲಾ ಕಳತ್ ನಾಹೀ." ಗಂಡ ಏನನ್ನುತ್ತಾರೋ ಅವರಿಗೆ ತಿಳಿಯುತ್ತಿರಲಿಲ್ಲ. ಲಕ್ವಾ ಹೊಡೆದ ಮೇಲೆ ಮಾಸ್ತರರ ಬಾಯಲ್ಲಿ ಕನ್ನಡ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಹೋಗಿ ನೋಡಿದರೆ ಆ ಉರಿಬಿಸಿಲಲ್ಲಿ ಮೈಮೇಲೆ ಕೌದಿಯ ಮೇಲೆ ಕೌದಿ. ಗಂಡ ಚಳಿಗೆ ನರಳುತ್ತಾರೆಂದು ಆಕೆ ಹೊದಿಸಿದ್ದರು. ಅವರು ಗೊಣಗುತ್ತಿದ್ದದ್ದು ಇಷ್ಟೇ: "ಶಕಿ ಆಗ್ಯಾದ. ಕೌದಿ ತಗೀ."

ತೆಗೆದೆ. ನೀರು ಕುಡಿಸಿದೆ. ಆಮೇಲೆ ಕೇಳಿದೆ, "ಸಾಹೇಬ್ರ ಮುಂದ ಈ ಮಾತು ಎಲ್ಲಿ ಹೋಗಿತ್ರೀ ಮಾಸ್ತರ್?"

ಅವರು ತಿರುಗಿ ನನ್ನನ್ನೇ ಕೇಳಿದರು, "ಓದ್ತಿಯೇನು, ಈಗೂ?"

"ಓದ್ತೀನ್ರಿ. ತಡವರಸ್ತೀನಿ. ಪೂರಾ ಎಲ್ಲಿ ಕಲಿಸಿದ್ರಿ?"

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಮರುದಿನ ಹೋದರು.

ನಮ್ಮ ಪದ್ಧತಿಯಂತೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟರು. ಆ ಬೆರಳು ಮಡಚಲಿಲ್ಲ. ಸ್ವಾಮಿಗಳು ಅರಿವೆ ಸುತ್ತಿ ಕಟ್ಟಬೇಕಾಯಿತು. ಮೈ ಮರೆಯುವುದಿಲ್ಲ ಎಂದದ್ದು ಖರೆ. ಆದರೆ ಸಾಹೇಬರ ಮುಂದೆ ಮರಾಠಿಗೆ ನಡುಗಿದ್ದೂ ಅದೇ ಮೈಯ ಗಂಟಲು.

ಇದನ್ನು ಅವರು ಕಲಿಸಿದ ಅಕ್ಷರಗಳಲ್ಲೇ ಬರೆದಿದ್ದೇನೆ, ಇಲ್ಲ ಎನ್ನಲು ಬರುವುದಿಲ್ಲ. ನನ್ನ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಹಾಳೆ ನೋಡುತ್ತಾರೆ. ಅವರಿಗೆ ಇದು ಓದಲು ಬರುವುದಿಲ್ಲ.