ಹಸಿರು ಪೈಪು ಮತ್ತು ಅತ್ತೆಯ ತೀರ್ಥ

ನಮ್ಮ ಸ್ಟುಡಿಯೋದ ಕಂಪ್ಯೂಟರನ್ನು ಕೆಡಿಸಿದವಳು ನಾನು. ನನ್ನ ಅತ್ತೆ ಕೊಟ್ರಮ್ಮ ಅಲ್ಲ. ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಬೇಕಾದವು — ಅಷ್ಟೂ ವರ್ಷ ಆ ಮುದುಕಿ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ತಿರುಗಿದಳು.

ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಗಂಡ ಮದುವೆಗಳ ವಿಡಿಯೋ ತೆಗೆಯುತ್ತಾರೆ, ನಾನು ಕತ್ತರಿಸಿ ಜೋಡಿಸುತ್ತೇನೆ. ಬೇಸಿಗೆಯಲ್ಲಿ ಹಳೆಯ ಕಂಪ್ಯೂಟರ್ ಕಾದು ಕಾದು ನಿಂತುಬಿಡುತ್ತಿತ್ತು. ನನ್ನ ನಾದಿನಿ ಗಿರಿಜಾ ಹರಪನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು; ನೀರಿನಿಂದ ತಂಪಾಗುವ ಹೊಸದೊಂದನ್ನು ತಾನೇ ಜೋಡಿಸಿಕೊಡುತ್ತೇನೆ ಎಂದಳು.

"ಟ್ರ್ಯಾಕ್ಟರಿನ ರೇಡಿಯೇಟರ್ ಇದ್ದಂಗಕ್ಕಾ. ನೀರು ಸುತ್ತತೈತಿ, ಕಾವು ಹೊತ್ಕೊಂಡು ಹೊರಗ ಬಿಡತೈತಿ. ನೀ ಹೊಸಪೇಟಿಗೆ ಹೋದಾಗ ಪೈಪ್ ಒಂದು ತಂದುಬಿಡು. ಕರೇದು, ದಪ್ಪಂದು. ಬಗ್ಗಿಸಿದ್ರ ಮಡಚಬಾರ್ದು ನೋಡು."

ಅಂಗಡಿಯಲ್ಲಿ ಕರಿಯದೂ ಇತ್ತು. ಅದರ ಪಕ್ಕದಲ್ಲಿ ಹಸಿರು ಪೈಪೂ ಇತ್ತು — ತಿಳಿಹಸಿರು, ಗಾಜಿನಂತೆ ಪಾರದರ್ಶಕ. ಕರಿಯದು ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಪೈಪಿನ ಹಾಗೆ ಕಾಣುತ್ತಿತ್ತು. ಗಿರಿಜಾ ಜೋಡಿಸುವ ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಬದಿ ಗಾಜು, ಒಳಗಿನದೆಲ್ಲ ಕಾಣುತ್ತದೆ. ನಮ್ಮ ಕೋಣೆಯ ಕಿಟಕಿಯ ಪರದೆಯೂ ಹಸಿರು... ನಾನು ಏನು ಮಾಡಿರಬಹುದೆಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ.

ಅಂಗಡಿಯವನು ಮೋಸ ಮಾಡಲಿಲ್ಲ. "ಹಸರದು ಮೆತ್ತಗ ಐತ್ರಿ ಅಕ್ಕಾರ. ಕಾದ್ರ ಇನ್ನಾ ಮೆತ್ತಗಾಗಿ ಮಡಚ್ಕೊಂತೈತಿ" ಎಂದು ಬಗ್ಗಿಸಿಯೂ ತೋರಿಸಿದ. ಮಡಿಕೆ ಬಿದ್ದದ್ದನ್ನು ಕಣ್ಣಾರೆ ಕಂಡೆ. ಕಂಡೂ ಅದನ್ನೇ ತಂದೆ. ಗಿರಿಜಾಳಿಗೆ, "ಕರೇದು ಖಾಲಿ ಆಗೈತಂತ" ಎಂದೆ.

ಅವಳು ನಿಟ್ಟುಸಿರು ಬಿಟ್ಟು ಅದನ್ನೇ ಜೋಡಿಸಿದಳು. ನೀರಿನ ದಾರಿಯಲ್ಲಿ ಪುಟ್ಟದೊಂದು ಕೆಂಪು ಚಕ್ರ ಕೂರಿಸಿ, "ನೀರು ಹರಿದ್ರ ಇದು ತಿರುಗತೈತಿ. ಇದು ನಿಂತ್ರ ಮೊದಲು ಮಷಿನ್ ಬಂದ್ ಮಾಡು, ಆಮ್ಯಾಲೆ ನನಗ ಫೋನ್ ಮಾಡು" ಎಂದಳು. ಅಷ್ಟೇ ಕೆಲಸ. ಚಕ್ರ ನೋಡುವುದು.

ಅತ್ತೆಗೆ ಮಗಳು ಮಾಡಿದ ಯಂತ್ರವೆಂದರೆ ಹೆಮ್ಮೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದು, ಹೂವಿನ ತುದಿಯಿಂದ ಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸಿ, ಗಾಜಿಗೆ ವಿಭೂತಿ ಹಚ್ಚಿ ಹೋಗುವಳು. ಬೆರಳು ಒದ್ದೆಯಾಗುವಷ್ಟೂ ನೀರಿರುತ್ತಿರಲಿಲ್ಲ.

ಆ ಮಧ್ಯಾಹ್ನ ಬಿಸಿಲು ಉರಿಯುತ್ತಿತ್ತು. ಇಟ್ಟಿಗಿ ಊರಿನಿಂದ ಬಂದ ಮದುಮಗಳ ಸೋದರಮಾವ ಎದುರಿಗೇ ಕುಳಿತಿದ್ದರು. ವಿಡಿಯೋ ಕೈಗೆ ಬರದೆ ಏಳುವುದಿಲ್ಲವೆಂಬ ಹಟ. ನಾನು ಅವಸರದಲ್ಲಿದ್ದೆ. ಕಣ್ಣು ಹೊರಳಿಸಿದರೆ — ಚಕ್ರ ನಿಂತಿದೆ. ಹಸಿರು ಪೈಪು ತಿರುವಿನಲ್ಲಿ ಮಡಚಿಕೊಂಡು ಕತ್ತು ಹಿಸುಕಿದಂತಾಗಿದೆ. ಸರಿಯಾಗಿ ಆಗಲೇ ಗಿರಿಜಾಳ ಫೋನು.

"ಅಕ್ಕಾ, ಬಿಸಲು ಭಾಳ ಐತಿ. ಚಕ್ರ ತಿರುಗಾಕ ಹತ್ತೈತಿಲ್ಲೋ?"

"ತಿರುಗಾಕ ಹತ್ತೈತಿ" ಎಂದೆ. ಅಷ್ಟು ಸಾಲದೆಂದು, "ಜೋರಾಗಿ" ಎಂದೂ ಸೇರಿಸಿದೆ. ಆ 'ಜೋರಾಗಿ' ಯಾಕೆ ಬೇಕಿತ್ತೋ... ಇವತ್ತಿಗೂ ತಿಳಿಯದು.

ಫೋನಿಟ್ಟು ಸ್ವಲ್ಪ ಹೊತ್ತಿಗೆ 'ಟಪ್' ಎಂದಿತು. ಕಾದು ಮೆತ್ತಗಾದ ಪೈಪು ಸಂದಿಯಿಂದ ಕಳಚಿ, ನೀರೆಲ್ಲ ಬೋರ್ಡಿನ ಮೇಲೆ ಸುರಿದು, ಕಂಪ್ಯೂಟರಿನ ಪರದೆ ಕಪ್ಪಾಯಿತು. ಮೇಜಿನಿಂದ ನೀರು ಇಳಿದು ಬಂದಾಗ ಸೋದರಮಾವ ಕಾಲು ಮೇಲೆತ್ತಿಕೊಂಡು, "ಯವ್ವಾ, ನಿಮ್ಮ ಕಂಪ್ಯೂಟರ್ ಉಚ್ಚಿ ಹೊಯ್ಕೊಂಡೈತಿ!" ಎಂದರು. ಮದುವೆಯ ವಿಡಿಯೋದ ಇನ್ನೊಂದು ಪ್ರತಿ ಕ್ಯಾಮೆರಾದಲ್ಲಿ ಉಳಿದಿತ್ತು. ಯಂತ್ರ ಉಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ತಪ್ಪು ಎನ್ನಬಹುದಿತ್ತು. ಮುಂದೆ ಮಾಡಿದ್ದಕ್ಕೆ ಬೇರೆ ಹೆಸರಿದೆ. ಸೋದರಮಾವನಿಗೆ ಚಹಾ ಕುಡಿಸಿ ಕಳಿಸಿದೆ. ಪೈಪಿನ ಮಡಿಕೆ ತಿದ್ದಿ, ಮತ್ತೆ ಸಂದಿಗೆ ತುರುಕಿ, ಪೆಟ್ಟಿಗೆಯೊಳಗಿನ ಪುಟ್ಟ ನೀರಿನ ತೊಟ್ಟಿಯನ್ನು ಮತ್ತೆ ತುಂಬಿಸಿ, ನೆಲ ಒರೆಸಿದೆ. ಮಾರನೆಯ ದಿನ ಗಿರಿಜಾ ಬಂದು ಪೆಟ್ಟಿಗೆ ಬಿಚ್ಚಿದಳು. ಪೈಪು ಸರಿ ಇದೆ, ತೊಟ್ಟಿ ತುಂಬಿದೆ, ಬೋರ್ಡು ಮಾತ್ರ ಒದ್ದೆ.

"ನೀರು ಎಲ್ಲಿಂದ ಬಂತು?" ಎಂದಳು.

"ಅತ್ತಿ ಬೆಳಿಗ್ಗೆ ತೀರ್ಥ ಚಿಮುಕಿಸಿದ್ರು" ಎಂದೆ.

ಸುಳ್ಳಲ್ಲ, ನೋಡಿ. ಚಿಮುಕಿಸಿದ್ದರು. ಆ ಪೂರ್ತಿ ವ್ಯವಹಾರದಲ್ಲಿ ನಾನಾಡಿದ ಒಂದೇ ಒಂದು ನಿಜ ಅದು — ಅದೇ ಎಲ್ಲಕ್ಕಿಂತ ಹೊಲಸು.

ಗಿರಿಜಾ ತಾಯಿಯ ಮೇಲೆ ಕೂಗಾಡಿದಳು. ಅತ್ತೆ ಕೆಟ್ಟ ಯಂತ್ರಕ್ಕೆ ಕೈಮುಗಿದು, "ತಪ್ಪಾತಪ್ಪಾ" ಎಂದು ಕೆನ್ನೆ ಬಡಿದುಕೊಂಡಳು. ಅಂದಿನಿಂದ ಟಿವಿ ಹಚ್ಚಿದ್ದರೆ ನೀರಿನ ಚೊಂಬು ಹಿಡಿದು ಅಂಗಳಕ್ಕೆ ಹೋಗಿ ಕುಡಿಯುವಳು. ಮೊಬೈಲನ್ನು ಸೆರಗಿನಿಂದ ಹಿಡಿಯುವಳು. ನಗು ಬರುತ್ತದೆ — ನನಗೂ ಬರುತ್ತಿತ್ತು. ಆದರೆ ಹರಪನಹಳ್ಳಿಗೆ ಹೋದಾಗ ಸ್ವಂತ ಮಗಳ ಅಂಗಡಿಯ ಹೊಸ್ತಿಲು ದಾಟದೆ, ಬಿಸಿಲಲ್ಲಿ ನಿಂತೇ ಮಾತಾಡಿಸಿ ಬರುತ್ತಿದ್ದಳು. ಆಗ ನಗು ಬರುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಗಿರಿಜಾ ಅಂಗಡಿಯನ್ನು ದೊಡ್ಡ ಜಾಗಕ್ಕೆ ಬದಲಾಯಿಸಿದಳು. ಪೂಜೆಗೆ ಎಲ್ಲರೂ ಒಳಗೆ. ಅತ್ತೆ ಮಾತ್ರ ಹೊರಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹೊಸ್ತಿಲಿನಾಚೆಯಿಂದ ತೀರ್ಥದ ಬಟ್ಟಲನ್ನು ನನ್ನತ್ತ ಚಾಚಿ, "ನೀನಾ ಚಿಮುಕ್ಸವ್ವಾ. ನಿನ್ನ ಕೈಗುಣ ಚಲೋ ಐತಿ" ಎಂದಳು.

ನನ್ನ ಕೈಗುಣ!

ಬಟ್ಟಲು ಹಿಡಿದು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ — ಹಸಿರು ಪೈಪು, ನಿಂತ ಚಕ್ರ, ಒರೆಸಿದ ನೆಲ. ಗಿರಿಜಾಳ ಮುಖ ಕೆಂಪಾಯಿತು. ನನ್ನ ಕಡೆಗಲ್ಲ, ತಾಯಿಯ ಕಡೆಗೆ ನೋಡಿದಳು. ನನ್ನ ಗಂಡ ತಲೆ ತಗ್ಗಿಸಿದರು.

"ಅಂದ್ರ... ನನ್ನ ತೀರ್ಥ ಒಳಗ ಹೋಗಿದ್ದಿಲ್ಲೇನು?" ಎಂದಳು ಅತ್ತೆ.

"ಇಲ್ಲತ್ತಿ."

"ಒಂದು ಹನೀನೂ?"

"ಒಂದು ಹನೀನೂ ಇಲ್ಲ."

ಅತ್ತೆ ಎದ್ದಳು. ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ನಡೆದಳು. ಗಿರಿಜಾ ಅವಳ ತೋಳು ಹಿಡಿದು, "ಯವ್ವಾ, ನಾ ನಿನ್ನ ಎಷ್ಟು ಬೈದೆ..." ಎಂದಳು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಅತ್ತೆ ಹೇಳಿಲ್ಲ. ನಾನೂ ಕೇಳಿಲ್ಲ. ಈಗ ಅವಳು ಕೊಟ್ಟೂರು, ಹಡಗಲಿ ಎಂದು ನೆಂಟರ ಮನೆಗೆಲ್ಲ ಹೋಗಿ, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಈ ಕತೆ ಹೇಳುತ್ತಾಳೆ. ಕತೆ ಬೆಳೆಯುತ್ತಿದೆ. ಕಳೆದ ವಾರ ಕೂಡ್ಲಿಗಿಯಲ್ಲಿ ಹೇಳಿದ ಪ್ರಕಾರ, ನಾನು ಪೈಪನ್ನು ಕುಡಗೋಲಿನಿಂದ ಕೊಯ್ದೆನಂತೆ. ಕೇಳಿದವರು ಗಾಬರಿಯಿಂದ ನನ್ನತ್ತ ತಿರುಗಿ, "ಹೌದೇನಬೇ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.