ಅವ್ವನ ಪದಕ್ಕೊಂದು ದೃಷ್ಟಿಬೊಟ್ಟು

ಮಸ್ಕಿ ಬಸ್‌ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ನಡೆಸುವ ರೇಣುಕಾದೇವಿಗೆ ಕಣ್ಣುದೃಷ್ಟಿಯ ಭಯ ಜಾಸ್ತಿ. ಮಗಳ ಗಲ್ಲದ ಮಾತು ಬಿಡಿ, ಹೊಸ ಮಿಕ್ಸರ್‌ಗೂ ಕಾಡಿಗೆಯ ಬೊಟ್ಟು ಇಟ್ಟವಳು. ನಗುವವರು ನಗಲಿ, ಅವಳಿಗೇನೂ ಬೇಸರವಿಲ್ಲ.

ಅವಳ ಅವ್ವ ಮುದುಕಮ್ಮ ಗುರುಗುಂಟಾ ಕಡೆ ಸೋಬಾನ ಪದಕ್ಕೆ ಹೆಸರಾದವಳು. ಹೋದ ವರ್ಷ ಲಕ್ವಾ ಹೊಡೆದು ಮಾತು, ಹಾಡು ಎರಡೂ ನಿಂತವು. ಅದಕ್ಕೂ ಮುಂಚೆ ರೇಣುಕಾ ಅವ್ವನ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅಂಗಡಿಯ ಕಂಪ್ಯೂಟರಿನ ಒಂದು ಫೋಲ್ಡರಿಗೂ ಹಾಕಿದ್ದಳು. ಕೇಳಲು ಫೋನಿತ್ತಲ್ಲ, ಆಮೇಲೆ ಅಲ್ಲಿ ನೋಡಿರಲೇ ಇಲ್ಲ. ಮೊನ್ನೆ ಆ ಫೋನ್ ಕಾಲುವೆ ಪಾಲಾಯಿತು. ಧೈರ್ಯ ತಂದುಕೊಂಡು ಅಂಗಡಿಗೆ ಬಂದರೆ, ಗಂಡ ಪಕೀರಪ್ಪ ಜಾಗ ಸಾಲದೆಂದು ಆ ಫೋಲ್ಡರಿನಲ್ಲಿದ್ದುದನ್ನೆಲ್ಲ ಅಳಿಸಿ ಕೂತಿದ್ದ.

ಅದು ಹಳೆಯ ಯಂತ್ರ. ಕಪ್ಪು ಪರದೆಯ ಮೇಲೆ ಆದೇಶ ಟೈಪ್ ಮಾಡಿಯೇ ಕೆಲಸ. ಫೈಲುಗಳ ಪಟ್ಟಿ ಕೇಳುವ ‘ಎಲ್‌ಎಸ್’ ಒತ್ತಿದಳು. ಒಂದು ಹೆಸರೂ ಬರಲಿಲ್ಲ.

“ನನಗೇನ್ ಗೊತ್ತಿತ್ತು ಬೇ, ಹಳೇ ಅರ್ಜಿ ಅದಾವ ಅನ್ಕೊಂಡೆ,” ಎಂದ ಪಕೀರಪ್ಪ, ತಲೆ ಎತ್ತದೆ.

ಫೋನ್ ಮಾಡಿದ ತಕ್ಷಣ ಸಿಂಧನೂರಿನಿಂದ ಇಶ್ತಿಯಾಕ್ ಬೈಕಿನಲ್ಲಿ ಬಂದ. ಆ ಯಂತ್ರ ಕೂಡಿಸಿಕೊಟ್ಟವನು, ಅವಳಿಗೆ ಆದೇಶಗಳನ್ನು ಕಲಿಸಿದವನು ಅವನೇ. ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ನೋಡಿದ.

“ಅಕ್ಕಾರ, ಪಟ್ಟಿ ಖಾಲಿ ಐತಿ, ಜಾಗ ಮಾತ್ರ ಹಿಡದೈತಿ. ಫೈಲಿನ ಹೆಸರಿನ ಮುಂದ ಏನರ ಹಾಕಿದ್ರೇನ್ರಿ?”

“ಚುಕ್ಕಿ ಇಟ್ಟೀನಿ ತಮ್ಮಾ. ಅವ್ವನ ದನಿಗೆ ಯಾರ ಕಣ್ಣೂ ಬೀಳಬಾರ್ದು ಅಂತ.”

ಇಶ್ತಿಯಾಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಎಲ್‌ಎಸ್’ ಆದ ಮೇಲೆ ಒಂದು ಅಡ್ಡಗೆರೆ, ‘ಎ’ ಸೇರಿಸಿ ಒತ್ತಿದ. ಪದಗಳೆಲ್ಲ ಸಾಲಾಗಿ ಬಂದವು. ಚುಕ್ಕಿಯಿಂದ ಶುರುವಾಗುವ ಹೆಸರನ್ನು ಈ ಯಂತ್ರ ಸುಮ್ಮನೆ ಕೇಳಿದರೆ ತೋರಿಸುವುದಿಲ್ಲ. ಪಕೀರಪ್ಪ ಕೊಟ್ಟಂಥ ಅಳಿಸುವ ಆದೇಶವೂ ಅದನ್ನು ಮುಟ್ಟುವುದಿಲ್ಲ.

“ನಿಮ್ಮ ಬೊಟ್ಟೇ ಕಾಪಾಡೇತ್ರಿ ಅಕ್ಕಾರ!”

ರೇಣುಕಾಗೆ ಅಳು, ನಗು ಒಟ್ಟಿಗೇ ಬಂದವು. ಇವನ ಉಪಕಾರ ಈ ಜನ್ಮಕ್ಕೆ ಮರೆಯುವಂಥದ್ದಲ್ಲ ಅನ್ನಿಸಿತು. ಚಹಾ ಕುಡಿದೇ ಹೋಗಬೇಕೆಂದು ಮನೆಗೆ ಕರೆದೊಯ್ದು, ಮಂಚದ ಮೇಲೆ ಒರಗಿದ್ದ ಅವ್ವನ ಪಕ್ಕ, ಅವನ ಫೋನಿಗೆ ಹಾಕಿಸಿಕೊಂಡಿದ್ದ ಪದ ಹಚ್ಚಿದಳು. ಮುದುಕಮ್ಮ ತನ್ನ ದನಿಯ ಗುರುತು ಹಿಡಿದಳು. ತುಟಿ ಅಲುಗಿದವು, ಕಣ್ಣು ತುಂಬಿದವು.

“ಈ ತಮ್ಮನೇ ಹುಡುಕಿ ಕೊಟ್ಟಾನ ಬೇ ಯವ್ವಾ.”

ಮುದುಕಮ್ಮ ಲಕ್ವಾ ತಾಗದ ಎಡಗೈಯಿಂದ ಮೊಮ್ಮಗಳ ಕಾಡಿಗೆ ಡಬ್ಬಿಯತ್ತ ತೋರಿಸಿದಳು. ಇಶ್ತಿಯಾಕನನ್ನು ಸನ್ನೆ ಮಾಡಿ ಹತ್ತಿರ ಕರೆದು, ಗಡ್ಡದ ಮೇಲ್ಗಡೆ ಖಾಲಿ ಇದ್ದ ಗಲ್ಲಕ್ಕೆ ದೊಡ್ಡದೊಂದು ಬೊಟ್ಟು ಇಟ್ಟಳು.

ಅವನು ಅದನ್ನು ಒರೆಸಿಕೊಳ್ಳದೆ ಹಾಗೇ ಸಿಂಧನೂರಿಗೆ ಹೋದ.