ಗಾಜಿನಾಚೆ ನಿಲ್ಲಿಸುತ್ತಿದ್ದ ವಕೀಲರು

ಡಾಟ್‌ಕಾಮ್ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಕನ್ನಡದವರಿಗೆಲ್ಲ, ತಾವು ಸತ್ತ ಮೇಲೆ ಆಸ್ತಿ ಯಾರಿಗೆ, ಯಾವಾಗ ಎಂಬ ಟ್ರಸ್ಟು ಪತ್ರ ಬರೆದುಕೊಡುತ್ತಿದ್ದವರು ಒಬ್ಬರೇ ವಕೀಲರು. ಮೈಸೂರಿನವರು, ಮೆತ್ತಗಿನ ಮಾತು. ಸತ್ತವರು ನಿವೃತ್ತಿಗೆಂದು ಕೂಡಿಟ್ಟ ಹಣ ಟ್ರಸ್ಟಿನ ಮೂಲಕವೇ ಮಕ್ಕಳಿಗೆ ಸೇರಬೇಕೆಂಬುದು ಅವರ ಹಟ. ಗಂಡನನ್ನು ಗಾಜಿನ ಬಾಗಿಲಾಚೆ ನಿಲ್ಲಿಸಿ, ಪೆನ್ನಿನ ಮುಚ್ಚಳ ತೆಗೆಯುತ್ತಾ, ಹೆಂಡತಿಗೆ ಹೇಳುತ್ತಿದ್ದರು: “ಇವರಿಲ್ಲ ಅಂದ್ಕೊಳ್ಳಿ, ಅಮ್ಮ. ಮಕ್ಕಳಿಗೆ ದುಡ್ಡು ಯಾವಾಗ ಕೊಡೋಣ?”

ಒಮ್ಮೆ ನನ್ನನ್ನೂ ಹಾಗೆ ನಿಲ್ಲಿಸಿದರು. ಒಳಗೆ ನನ್ನ ಹೆಂಡತಿ ಮೊದಲು ನಕ್ಕಳು. ಆಮೇಲೆ ಬೆರಳು ಮಡಿಸುತ್ತಾ ನಿಧಾನವಾಗಿ ಏನೇನೋ ಹೇಳತೊಡಗಿದಳು. ಬಹಳ ಹೊತ್ತಾಯಿತೆಂದು ಗಾಜು ತಟ್ಟಿದೆ. ಇಬ್ಬರೂ ತಿರುಗಲಿಲ್ಲ. ಸಿಟ್ಟು ಬಂದು ಜೋರಾಗಿ ಬಡಿದೆ. ವಕೀಲರು ಪುಟ ಮಗುಚಿದರು. ಅವಳು ಕಣ್ಣೊರೆಸಿಕೊಂಡು ಮಾತು ಮುಂದುವರಿಸಿದಳು.

ಕೊನೆಗೆ ನಾನೇ ಬಾಗಿಲು ತಳ್ಳಿ ಒಳಗೆ ಹೋದೆ. ನಾನು ಮೊದಲು ಕೂತಿದ್ದ ಕುರ್ಚಿಯ ಮೇಲೆ ಅವಳು ಆಗಲೇ ತನ್ನ ಬ್ಯಾಗು ಇಟ್ಟಿದ್ದಳು.